ಸ್ಕ್ರೂ ಬಿಚ್ಚದೆ ದುಡ್ಡು ಬಿಚ್ಚಬೇಡ

ಮಗು,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಯಾರದೋ ಮನೆಯಲ್ಲಿ 1966ರ ಫೆಂಡರ್ ಜಾಝ್ ಬೇಸ್ ಗಿಟಾರ್ ಇದೆ, ಶನಿವಾರ ಹೋಗಿ ನೋಡಬೇಕು, ದುಡ್ಡು ಸಾಲದಿದ್ದರೆ ಕೈಯಲ್ಲಿರುವ 1978ರ ಪ್ರಿಸಿಷನ್ ಬೇಸ್ ಮಾರಿಬಿಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಒಂದೇ ವಾರದಲ್ಲಿ ಕೊಳ್ಳಲೂ ಮಾರಲೂ ಹೊರಟವನು ಎರಡೂ ಕಡೆ ಕೈ ಸುಟ್ಟುಕೊಳ್ಳುತ್ತಾನೆ. ನಾನು ಸುಟ್ಟುಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ಮದುವೆ ಆರ್ಕೆಸ್ಟ್ರಾಗಳಲ್ಲಿ ಎರವಲು ಬೇಸ್ ನುಡಿಸಿಕೊಂಡಿದ್ದವನು 1984ರಲ್ಲಿ ಈ ಆರೆಂಜ್ ಕೌಂಟಿಗೆ ಬಂದಾಗ ಫುಲರ್ಟನ್‌ನ ಫೆಂಡರ್ ಕಾರ್ಖಾನೆ ಇನ್ನೂ ಬಾಗಿಲು ಹಾಕಿರಲಿಲ್ಲ. ಆ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ನಿಮ್ಮ ಅತ್ತೆಗೆ ಕೈ ತೋರಿಸಿ ತೋರಿಸಿ ಹೇಳುತ್ತಿದ್ದೆ. ಪಾಪ, ಅವಳು ದೇವಸ್ಥಾನವೇನೋ ಅಂದುಕೊಂಡು ಒಂದು ದಿನ ಕೈ ಮುಗಿದಳು.

ಕೊಳ್ಳುವಾಗ, ಮಾರುವಾಗ ಏನೇನು ನೋಡಬೇಕು ಎಂದು ನೀನು ಲಿಸ್ಟ್ ಕೇಳಿದೆ. ಬರೆದಿದ್ದೇನೆ. ಓದಿದ ಮೇಲೂ ಹೋಗಬೇಕು ಅನ್ನಿಸಿದರೆ ಹೋಗು.

• ಹಳೆಯ ಬೇಸ್‌ಗೆ ಎರಡು ಬೆಲೆ ಇರುತ್ತದೆ. ನುಡಿಸುವವನ ಬೆಲೆ ಒಂದು, ಕೂಡಿಡುವವನ ಬೆಲೆ ಇನ್ನೊಂದು. ನುಡಿಸುವವನಿಗೆ ಬೇಕಾದ್ದು ನೆಟ್ಟಗಿರುವ ನೆಕ್, ಒಳ್ಳೆಯ ದನಿ, ಹೆಗಲು ತಡೆಯುವಷ್ಟು ತೂಕ. ಕೂಡಿಡುವವನಿಗೆ ಬೇಕಾದ್ದು ಕಾರ್ಖಾನೆ ಬಿಟ್ಟ ದಿನ ಇದ್ದ ಬಣ್ಣ, ಇದ್ದ ಬೆಸುಗೆ, ಇದ್ದ ಸ್ಕ್ರೂ. ಬಣ್ಣ ಮರುಬಳಿದ ಬೇಸ್‌ನ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಇಲ್ಲಿನ ಅಂಗಡಿಯವರ ಹಳೆಯ ಲೆಕ್ಕ. ದನಿ ಮಾತ್ರ ಅರ್ಧವಾಗುವುದಿಲ್ಲ! ಹಾಗಾಗಿ ಮನೆ ಬಿಡುವ ಮೊದಲೇ ನೀನು ಯಾರು ಎಂದು ತೀರ್ಮಾನ ಮಾಡಿಕೋ. ನುಡಿಸುವವನಾಗಿ ಹೋಗಿ ಕೂಡಿಡುವವನ ಬೆಲೆ ಕೊಟ್ಟು ಬರುವುದೇ ಈ ವ್ಯವಹಾರದಲ್ಲಿ ಹೆಚ್ಚಿನವರು ಮಾಡುವ ತಪ್ಪು. ನಿನ್ನ ಮಾತಿನ ಧಾಟಿ ನೋಡಿದರೆ ನೀನು ನುಡಿಸುವವನು. ಗೋಡೆಗೆ ನೇತುಹಾಕಲು ನಿನ್ನ ಮನೆಯಲ್ಲಿ ಗೋಡೆಯೂ ಖಾಲಿ ಇಲ್ಲ.

• ಇಸವಿಯ ವ್ಯಾಮೋಹ ಬೇಡ, ಆದರೆ ಇಸವಿಯ ಲೆಕ್ಕ ಗೊತ್ತಿರಲಿ. ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ವೀಣೆಯ ಹಾಗೆ ಮೆಟ್ಟು ಇದ್ದುದರಿಂದ ಸ್ವರ ಬೆರಳಿಗೆ ಕರಾರುವಾಕ್ಕಾಗಿ ಸಿಗುತ್ತದೆ ಎಂದು ಆ ಹೆಸರು. ಎರಡು ತುಂಡಿನ ಪಿಕಪ್ ಬಂದದ್ದು 1957ರಲ್ಲಿ, ಜಾಝ್ ಬೇಸ್ ಬಂದದ್ದು 1960ರಲ್ಲಿ. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ 1.3 ಕೋಟಿ ಡಾಲರಿಗೆ ಫೆಂಡರ್ ಅನ್ನು ಕೊಂಡುಕೊಂಡಿತು. ಅಂದಿನಿಂದ ಇಂದಿನವರೆಗೂ ಮಾರುವವರೆಲ್ಲ 'ಸಿಬಿಎಸ್‌ಗೆ ಮುಂಚಿನದು' ಎಂಬ ಮಾತನ್ನು ಮಂತ್ರದ ಹಾಗೆ ಜಪಿಸುತ್ತಾರೆ. ಮಾಲೀಕ ಬದಲಾದ ಮಾತ್ರಕ್ಕೆ ಮರುದಿನ ಬೆಳಿಗ್ಗೆ ಬಡಗಿಗಳ ಕೈ ಬದಲಾಗುವುದಿಲ್ಲ. 1966ರ ಒಳ್ಳೆಯ ಬೇಸ್ 1964ರ ಸುಮಾರು ಬೇಸ್‌ಗಿಂತ ಒಳ್ಳೆಯದೇ. ಆದರೆ ಬೆಲೆ ಆ ನ್ಯಾಯ ಕೇಳುವುದಿಲ್ಲ.

• ನೋಡಲು ಹೋಗುವಾಗ ಜೊತೆಗಿರಬೇಕಾದ್ದು: ಫಿಲಿಪ್ಸ್ ಸ್ಕ್ರೂಡ್ರೈವರ್, ಸಣ್ಣ ಟಾರ್ಚ್, ಮಲ್ಟಿಮೀಟರ್, ನಿನ್ನದೇ ಕೇಬಲ್, ನೋಟು ಪರೀಕ್ಷಿಸುವ ಥರದ ನೇರಳೆ ದೀಪ, ಲಗೇಜ್ ತೂಗುವ ಕೊಕ್ಕೆ ತಕ್ಕಡಿ, ಹಳೆಯ ಟವೆಲ್. ದುಡ್ಡು ಬೇಡ. ಮೊದಲ ಸಲ ಹೋಗುವಾಗ ದುಡ್ಡು ಒಯ್ದರೆ ಕಣ್ಣು ಮಂಜಾಗುತ್ತದೆ.

• ಫೋನಿನಲ್ಲೇ ಕೇಳಿಬಿಡು: "ಪಿಕ್‌ಗಾರ್ಡ್ ಬಿಚ್ಚಿ, ನೆಕ್ ಬಿಚ್ಚಿ ನೋಡಬಹುದಾ?" ಬೇಡ ಅಂದರೆ ನಮಸ್ಕಾರ ಹೇಳಿ ಫೋನ್ ಇಡು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಸಂಕೋಚ ಇರಲಿ, ಇಲ್ಲಿ ಬೇಡ.

• ಈಗ ಬಿಚ್ಚುವ ವಿಷಯ. ಇದನ್ನು ನಿಧಾನವಾಗಿ ಓದು.

ಟವೆಲ್ ಹಾಸಿ ಬೇಸನ್ನು ಮಲಗಿಸು. ತಂತಿಗಳನ್ನು ಸಡಿಲ ಮಾಡು. ಹಿಂದುಗಡೆಯ ಪ್ಲೇಟಿನಲ್ಲಿ ನಾಲ್ಕು ಸ್ಕ್ರೂ ಇರುತ್ತವೆ. ಒಂದೊಂದು ಎಲ್ಲಿಯದು ಎಂದು ಗುರುತು ಇಟ್ಟುಕೊಂಡು ಬಿಚ್ಚು. ನೆಕ್ ಕೈಗೆ ಬಂದಾಗ ಅದರ ಬುಡದಲ್ಲಿ ರಬ್ಬರ್ ಸ್ಟಾಂಪಿನ ಗುರುತು ಕಾಣಬೇಕು. 1962ರಿಂದ ಈ ಸ್ಟಾಂಪು ಬಂತು, ಅದಕ್ಕೆ ಮೊದಲು ಪೆನ್ಸಿಲ್ ಬರಹ. '7', ಆಮೇಲೆ ತಿಂಗಳಿನ ಮೂರು ಅಕ್ಷರ, ಇಸವಿಯ ಎರಡು ಅಂಕಿ, ಕೊನೆಗೆ 'ಎ' ಎಂದಿರುತ್ತದೆ. ಆ 7ನ್ನು ಏಳನೇ ತಾರೀಖು ಎಂದು ಓದುವವರೇ ಜಾಸ್ತಿ. ಅದು ತಾರೀಖಲ್ಲ, ಜಾಝ್ ಬೇಸ್‌ನ ನೆಕ್ ಎಂಬ ಗುರುತು. ಪ್ರಿಸಿಷನ್‌ಗೆ 5 ಇರುತ್ತದೆ. ಕೊನೆಯ ಅಕ್ಷರ ನೆಕ್‌ನ ಮೇಲ್ತುದಿಯ ನಟ್ ಹತ್ತಿರದ ಅಗಲ: 'ಎ' ಅಂದರೆ ಒಂದೂವರೆ ಇಂಚು, 'ಸಿ' ಅಂದರೆ ಒಂದೂಮುಕ್ಕಾಲು. "ನೋಡಿ, ಏಳನೇ ತಾರೀಖು ಹುಟ್ಟಿದ್ದು" ಎಂದು ಮಾರುವವನು ಹೆಮ್ಮೆಯಿಂದ ಹೇಳಿದರೆ ತಿದ್ದಲು ಹೋಗಬೇಡ. ಅವನಿಗೆ ಎಷ್ಟು ಗೊತ್ತು ಎಂಬುದು ನಿನಗೆ ಗೊತ್ತಾಯಿತು, ಅಷ್ಟು ಸಾಕು.

ನೆಕ್ ಕೂರುವ ಗುಂಡಿಯೊಳಗೆ ಟಾರ್ಚ್ ಬಿಡು. ಆ ಕಾಲದಲ್ಲಿ ಬಣ್ಣ ಹೊಡೆಯುವಾಗ ಹಿಡಿದುಕೊಳ್ಳಲು ಅಲ್ಲೊಂದು ಪಟ್ಟಿ ಜೋಡಿಸುತ್ತಿದ್ದರು. ಪಟ್ಟಿ ಕೂತಿದ್ದ ಜಾಗಕ್ಕೆ ಬಣ್ಣ ಬೀಳದೆ ಬರೀ ಮರ ಉಳಿದಿರುತ್ತದೆ. ಗುಂಡಿಯ ತುಂಬ ಒಂದೇ ಸಮ ಬಣ್ಣ ಹೊಳೆಯುತ್ತಿದ್ದರೆ ಯಾರೋ ಆಮೇಲೆ ಬಳಿದಿದ್ದಾರೆ. 1964ಕ್ಕೂ ಹಿಂದಿನದಾದರೆ ಪಿಕ್‌ಗಾರ್ಡ್ ಕೆಳಗೆ ಸಣ್ಣ ಮೊಳೆ ತೂತುಗಳನ್ನೂ ಹುಡುಕು. ಬಾಡಿ ಒಣಗಲು ಮೊಳೆಗಳ ಮೇಲೆ ನಿಲ್ಲಿಸುತ್ತಿದ್ದರು, ಆ ತೂತಿನೊಳಗೆ ಬಣ್ಣ ಇಳಿದಿರಬಾರದು.

ಆಮೇಲೆ ಪಾಟ್‌ಗಳು, ಅಂದರೆ ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಡಬ್ಬಿಗಳು. ಅವುಗಳ ಮೈಮೇಲೆ ಒಂದು ಸಂಖ್ಯೆ ಇರುತ್ತದೆ. 304 ಎಂದು ಶುರುವಾದರೆ ಸ್ಟ್ಯಾಕ್‌ಪೋಲ್ ಕಂಪನಿಯದು, 137 ಎಂದರೆ ಸಿಟಿಎಸ್. ಮುಂದಿನ ಎರಡು ಅಂಕಿ ಇಸವಿ, ಕೊನೆಯ ಎರಡು ವಾರ. 304-6619 ಎಂದರೆ 1966ರ ಹತ್ತೊಂಬತ್ತನೇ ವಾರ. ಪಾಟ್ ಬೇಸ್‌ಗಿಂತ ಹಳೆಯದಿದ್ದರೆ ಚಿಂತೆಯಿಲ್ಲ; ಕಾರ್ಖಾನೆಯಲ್ಲಿ ಒಟ್ಟಿಗೆ ತಂದು ವರ್ಷಗಟ್ಟಲೆ ಖರ್ಚು ಮಾಡುತ್ತಿದ್ದರು. ಬೇಸ್‌ಗಿಂತ ಹೊಸದಿದ್ದರೆ ಮಾತ್ರ ಅದು ಬದಲಾಯಿಸಿದ್ದು. ಹುಟ್ಟಿದ ಮಗುವಿಗೆ ತಾತನ ಬೆಳ್ಳಿ ಲೋಟ ಕೊಡಬಹುದು, ತಾತನ ಮದುವೆ ಫೋಟೋದಲ್ಲಿ ಮೊಮ್ಮಗ ಇರಲಾರ.

ಬೆಸುಗೆ ನೋಡು. ಹಳೆಯ ಬೆಸುಗೆ ಮಂಕಾಗಿ, ತುಸು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಫಳಫಳ ಹೊಳೆಯುವ ಬೆಸುಗೆಯ ಸುತ್ತ ಕಂದು ಅಂಟು ಹರಡಿದ್ದರೆ ಇತ್ತೀಚೆಗೆ ಕಾವು ತಾಗಿದೆ. ಒಳಗಿನ ವೈರಿಗೆ ಸುಮಾರು 1967-68ರವರೆಗೆ ಬಟ್ಟೆಯ ಹೊದಿಕೆ ಇರುತ್ತದೆ, ಆಮೇಲೆ ಪ್ಲಾಸ್ಟಿಕ್. ನಾನು ಬದುಕಿಡೀ ಸೋಲ್ಡರ್ ಹೊಗೆ ಕುಡಿದವನು. ಬೆಸುಗೆ ನೋಡಿದರೆ ಎಡಗೈಯವನು ಮಾಡಿದ್ದೋ ಬಲಗೈಯವನು ಮಾಡಿದ್ದೋ ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದೆ. ಆ ಜಂಬದ ಕಥೆ ಮುಂದಿದೆ.

• ಪ್ಲೇಟಿನ ಸೀರಿಯಲ್ ನಂಬರನ್ನು ಜಾತಕ ಅಂದುಕೊಳ್ಳಬೇಡ. ಸುಮಾರು 1963ರಿಂದ 65ರವರೆಗೆ 'ಎಲ್' ಅಕ್ಷರದ ನಂಬರು, 1965ರ ಕೊನೆಯಿಂದ 76ರವರೆಗೆ ದೊಡ್ಡ 'ಎಫ್' ಕೆತ್ತಿದ ಪ್ಲೇಟು, ಆಮೇಲೆ ನಂಬರು ಹೆಡ್‌ಸ್ಟಾಕ್‌ಗೆ ಹತ್ತಿತು. ನಿನ್ನ 78ರದಕ್ಕೆ 'ಎಸ್' ಅಕ್ಷರ ಇರುವುದು ಅದಕ್ಕೇ. ಪ್ಲೇಟುಗಳನ್ನು ಡಬ್ಬಿಯಿಂದ ಕೈಗೆ ಸಿಕ್ಕಿದ ಹಾಗೆ ತೆಗೆದು ಜೋಡಿಸುತ್ತಿದ್ದರು, ಹಾಗಾಗಿ ನಂಬರಿನ ಸಾಲಿಗೂ ಕಾಲದ ಸಾಲಿಗೂ ಸರಿಯಾಗಿ ತಾಳೆಯಾಗುವುದಿಲ್ಲ. ಅಲ್ಲದೆ ಪ್ಲೇಟು ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ವಸ್ತು. ಇವತ್ತು ಇದರ ಮೇಲೆ, ನಾಳೆ ಅದರ ಮೇಲೆ.

• ನೇರಳೆ ದೀಪ ಕತ್ತಲಲ್ಲಿ ಹಿಡಿ. ಹಳೆಯ ನೈಟ್ರೋಸೆಲ್ಯುಲೋಸ್ ವಾರ್ನಿಷ್ ಹಸಿರು ಹಳದಿಯಾಗಿ ಮಿನುಗುತ್ತದೆ. ಹೊಸದಾಗಿ ಬಳಿದ ಜಾಗ ಕಪ್ಪಗೆ, ನೇರಳೆಯಾಗಿ ಉಳಿದುಬಿಡುತ್ತದೆ. ಕೂದಲೆಳೆಯಂಥ ಬಿರುಕುಗಳು, ಹಳೆಯ ಪಿಂಗಾಣಿ ಬಸಿಯ ಮೇಲಿರುವಂಥವು, ಇದ್ದರೆ ಗಾಬರಿ ಬೇಡ, ಅದು ವಯಸ್ಸಿನ ಲಕ್ಷಣ. ಅರವತ್ತರ ದಶಕದ ಕೊನೆಯಿಂದ ದಪ್ಪ ಪಾಲಿಯೆಸ್ಟರ್ ಬಂತು, ಅದು ಹಾಗೆ ಬಿರಿಯುವುದಿಲ್ಲ. ನೀಲಿ, ಕೆಂಪು ಮುಂತಾದ ವಿಶೇಷ ಬಣ್ಣ ಅಂದರೆ ಇನ್ನೂ ಹತ್ತು ಪಟ್ಟು ಅನುಮಾನಪಡು. ಫೆಂಡರ್‌ನವರು ಕಾರಿಗೆ ಬಳಿಯುವ ಡ್ಯುಪಾಂಟ್ ಬಣ್ಣಗಳನ್ನೇ ಹೊಡೆಯುತ್ತಿದ್ದರು. ಅಪರೂಪವಾದ್ದರಿಂದ ಬೆಲೆ ಹೆಚ್ಚು, ಬೆಲೆ ಹೆಚ್ಚಾದ್ದರಿಂದ ನಕಲಿ ಹೆಚ್ಚು.

• ಜಂಬದ ಕಥೆ ಹೇಳಿಬಿಡುತ್ತೇನೆ. 1991ರಲ್ಲಿ ಒಂದು ಭಾನುವಾರದ ಸಂತೆಯಲ್ಲಿ '1964ರ ಪ್ರಿಸಿಷನ್' ಸಿಕ್ಕಿತು. ಬೆಳಗಿನ ಆರು ಗಂಟೆ, ಚಳಿ, ಕೈಯಲ್ಲಿ ಕಾಫಿ. ಪಿಕ್‌ಗಾರ್ಡ್ ಬಿಚ್ಚಿ ನೋಡಿದೆ. ಪಾಟ್ ಸರಿಯಾಗಿತ್ತು, ವೈರು ಬಟ್ಟೆಯದು, ಬೆಸುಗೆ ಹಳೆಯದು. ಇನ್ನೇನು ಬೇಕು? ಹಿಂದೆ ಇನ್ನೊಬ್ಬ ಕಾಯುತ್ತಿದ್ದಾನೆ ಎಂದು ಮಾರುವವನು ಹೇಳಿದ. ನೆಕ್ ಬಿಚ್ಚದೆ ದುಡ್ಡು ಬಿಚ್ಚಿದೆ. ಮನೆಗೆ ತಂದು ಅಡುಗೆಮನೆ ಮೇಜಿನ ಮೇಲೆ ನೆಕ್ ತೆಗೆದರೆ ಬುಡ ನುಣ್ಣಗಿದೆ, ಸ್ಟಾಂಪು ಉಜ್ಜಿ ಹಾಕಿದ್ದಾರೆ. ಗುಂಡಿಯ ತುಂಬ ಚೊಕ್ಕ ಬಣ್ಣ. ಪಿಕ್‌ಗಾರ್ಡಿನ ಒಳಗಿದ್ದದ್ದು ಮಾತ್ರ ನಿಜವಾದ 64, ಉಳಿದದ್ದು ಯಾವ ಊರಿನ ಯಾವ ಮರವೋ. ನಿಮ್ಮ ಅತ್ತೆ ಪಕ್ಕದಲ್ಲೇ ಹುರುಳಿಕಾಯಿ ಬಿಡಿಸುತ್ತಾ, "ಎಡಗೈಯವನಾ ಬಲಗೈಯವನಾ?" ಎಂದು ಕೇಳಿದಳು. ಇವತ್ತಿಗೂ ಕೇಳುತ್ತಾಳೆ.

ಅದನ್ನು ಮಾರುವಾಗ ಇದ್ದದ್ದನ್ನೆಲ್ಲ ಹೇಳಿ ಮಾರಿದೆ. ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲು ಹೋಯಿತು. ವಿಚಿತ್ರ ಎಂದರೆ, ಬೇಸ್ ಮಾತ್ರ ಸೊಗಸಾಗಿ ನುಡಿಯುತ್ತಿತ್ತು. ನುಡಿಸುವವನ ಬೆಲೆಗೆ ತಂದಿದ್ದರೆ ಇನ್ನೂ ನನ್ನ ಹತ್ತಿರವೇ ಇರುತ್ತಿತ್ತೇನೋ.

• ನೆಕ್ ನೆಟ್ಟಗಿದೆಯೇ ನೋಡುವುದು ಎಲ್ಲಕ್ಕಿಂತ ಮುಖ್ಯ. ಬಡಗಿ ಹಲಗೆಯ ಅಂಚಿಗೆ ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ ನೋಡು. ಮುಂದಕ್ಕೆ ಸ್ವಲ್ಪ ಬಾಗಿದ್ದರೆ ಸರಿಮಾಡಬಹುದು, ತಿರುಚಿಕೊಂಡಿದ್ದರೆ ಬಿಟ್ಟು ಬಾ. ಒಳಗಿರುವ ಕಬ್ಬಿಣದ ಸಲಾಕೆ, ಟ್ರಸ್ ರಾಡ್, ಇನ್ನೂ ತಿರುಗುತ್ತದೆಯೇ ಎಂದು ಕೇಳು. ಹಳೆಯ ಫೆಂಡರ್‌ಗಳಲ್ಲಿ ಅದರ ತಿರುಪು ನೆಕ್‌ನ ಬುಡದಲ್ಲಿರುವುದರಿಂದ ಹೇಗೂ ಬಿಚ್ಚಲೇಬೇಕು. ಪೂರ್ತಿ ಬಿಗಿದು ಕೊನೆಗೆ ಬಂದುಬಿಟ್ಟಿದ್ದರೆ ಮುಂದೆ ಏನೂ ಮಾಡುವ ಹಾಗಿಲ್ಲ. ಬಣ್ಣ ಹೋದ ಬೇಸ್ ನುಡಿಯುತ್ತದೆ, ನೆಕ್ ಹೋದ ಬೇಸ್ ನುಡಿಯುವುದಿಲ್ಲ.

• ತೂಗು. ನಾಚಿಕೆ ಬೇಡ. ಎಪ್ಪತ್ತರ ದಶಕದ ಆ್ಯಶ್ ಮರದ ಬೇಸ್‌ಗಳಲ್ಲಿ ಐದು ಕಿಲೋ ಮುಟ್ಟುವವು ಇವೆ. ಅರವತ್ತರ ದಶಕದ ಆಲ್ಡರ್ ಮರದ್ದು ಸಾಮಾನ್ಯವಾಗಿ ನಾಲ್ಕರ ಆಸುಪಾಸು. ಒಂದು ಕಿಲೋ ಏನು ಮಹಾ ಅನ್ನಬೇಡ. ಎರಡು ಸೆಟ್ ನುಡಿಸಿದ ಮೇಲೆ ಹೆಗಲು ಲೆಕ್ಕ ಒಪ್ಪಿಸುತ್ತದೆ.

• ಆಂಪ್ಲಿಫೈಯರ್‌ಗೆ ಹಾಕಿ ಒಂದೊಂದು ತಂತಿಯ ಒಂದೊಂದು ಮೆಟ್ಟನ್ನೂ ಒತ್ತಿ ಕೇಳು. ಜಿ ತಂತಿಯ ಐದರಿಂದ ಏಳನೇ ಮೆಟ್ಟಿನ ನಡುವೆ ಎಲ್ಲೋ ಒಂದು ಕಡೆ ಸ್ವರ ಬೇಗ ಸತ್ತುಹೋಗುವುದು ಫೆಂಡರ್ ಬೇಸ್‌ಗಳ ಹಳೆಯ ಕಾಯಿಲೆ, ಹೊಸದರಲ್ಲೂ ಇದೆ. ಅದೊಂದಕ್ಕೇ ಬೇಸ್ ಬಿಡಬೇಡ, ಬೆಲೆಯಲ್ಲಿ ಮಾತ್ರ ಪ್ರಸ್ತಾಪ ಮಾಡು. ಗುಂಡಿ ತಿರುಗಿಸಿದಾಗ ಕರಕರ ಅಂದರೆ ಅದು ದೂಳು.

• ಮಲ್ಟಿಮೀಟರ್: ಕೇಬಲ್ ಚುಚ್ಚಿ, ಗುಂಡಿಗಳನ್ನು ಪೂರ್ತಿ ತಿರುಗಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಅಳೆ. ಪ್ರಿಸಿಷನ್ ಪಿಕಪ್ ಹತ್ತು ಕಿಲೋ ಓಮ್ ಆಸುಪಾಸು ತೋರಿಸಬೇಕು. ಜಾಝ್‌ನಲ್ಲಿ ಎರಡೂ ವಾಲ್ಯೂಮ್ ಗುಂಡಿ ತೆರೆದಿಟ್ಟರೆ ಮೀಟರು ಎರಡೂ ಪಿಕಪ್ ಸೇರಿಸಿ ಅರ್ಧದಷ್ಟೇ ತೋರಿಸುತ್ತದೆ, ಹಾಗಾಗಿ ಒಂದರ ಗುಂಡಿ ಮುಚ್ಚಿ ಇನ್ನೊಂದನ್ನು ಅಳೆ. ಏಳು ಎಂಟರ ಹತ್ತಿರ ಬರುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಹೊಸದಾಗಿ ಸುತ್ತಿಸಬಹುದು, ಆದರೆ ಸುತ್ತಿಸಿದ ಪಿಕಪ್ ಕೂಡಿಡುವವನಿಗೆ ಬೇಡ.

• ಮೆಟ್ಟುಗಳ ಹಲಗೆಯ ಮರ ಯಾವುದು ಕೇಳು. ಇಲ್ಲಿ ನಮ್ಮೂರಿಗೆ ಸಂಬಂಧವಿದೆ. ಅರವತ್ತರ ದಶಕದ ಮಧ್ಯದವರೆಗೂ ಬ್ರೆಝಿಲ್‌ನ ರೋಸ್‌ವುಡ್ ಹಾಕುತ್ತಿದ್ದರು. ಅದು ಕಷ್ಟವಾದಾಗ ಬಂದದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. ಅಜ್ಜಿಯ ಮನೆಯಲ್ಲಿ ನೀನು ಎಗರಿ ಎಗರಿ ಒಂದು ಕಾಲು ಸಡಿಲ ಮಾಡಿದ ಆ ಮಂಚ ಬೀಟೆಯದು. ಮೊದಲ ಸಲ ಒಂದು ಎಪ್ಪತ್ತೊಂದರ ಪ್ರಿಸಿಷನ್‌ನ ಹಲಗೆಯ ಮೇಲೆ ಹೆಬ್ಬೆರಳು ಸವರಿದಾಗ, ಆ ಕಂದುನೇರಳೆ ಗೆರೆಗಳನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿ, ಆ ಮಂಚದ ತಲೆದಿಂಬಿನ ಕಡೆ ನೆನಪು ಹೋಯಿತು.

ಭಾವುಕತೆ ಸಾಕು, ಕಾನೂನು ಕೇಳು. ಬ್ರೆಝಿಲ್ ರೋಸ್‌ವುಡ್ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಸೈಟೀಸ್ ಒಪ್ಪಂದದ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ಅದಿರುವ ಬೇಸನ್ನು ದೇಶದಿಂದ ದೇಶಕ್ಕೆ ಮಾರಬೇಕಾದರೆ ಪರವಾನಗಿ ಪತ್ರ ಬೇಕು. ಬೀಟೆಯೂ ಸೇರಿದಂತೆ ಆ ಕುಲದ ಉಳಿದ ಮರಗಳಿಗೆ 2017ರಲ್ಲಿ ಬಿಗಿ ಬಂದು, ವಾದ್ಯದವರೆಲ್ಲ ಗೋಳಾಡಿದ ಮೇಲೆ 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನೀನು ಮುಂದೆ ಊರಿಗೆ ಹೋಗಿ ನೆಲೆಸುವ ಮಾತಾಡುತ್ತೀಯಲ್ಲ, ಈಗಲೇ ಯೋಚಿಸು. ಭಾರತದ ಸುಂಕದವರು ವಸ್ತುವಿನ ಬೆಲೆಗೆ ಸಾಗಣೆ, ವಿಮೆ ಎಲ್ಲ ಸೇರಿಸಿ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಹಳೇ ಗಿಟಾರ್ ಸ್ವಾಮಿ, ಬೆಲೆ ಇಲ್ಲ ಅಂದರೆ ನಗುತ್ತಾರೆ.

• ಆಮೆ ಚಿಪ್ಪಿನ ಹಾಗೆ ಕಾಣುವ ಪಿಕ್‌ಗಾರ್ಡ್ ಆಮೆಯದಲ್ಲ, ಸೆಲ್ಯುಲಾಯ್ಡ್. ವಯಸ್ಸಾದಂತೆ ಕುಗ್ಗಿ ಸ್ಕ್ರೂ ಹತ್ತಿರ ಸೀಳುತ್ತದೆ, ಕೆಲವೊಮ್ಮೆ ಆಮ್ಲ ಬಿಟ್ಟು ಸುತ್ತಲಿನ ಲೋಹವನ್ನು ತಿನ್ನುತ್ತದೆ. ಬೇಗ ಹೊತ್ತಿಕೊಳ್ಳುವ ವಸ್ತು, ಹತ್ತಿರ ಊದುಬತ್ತಿ ಹಚ್ಚಬೇಡ. ಕುಗ್ಗಿದ್ದರೆ ತೆಗೆದು ಕವರಿನಲ್ಲಿಟ್ಟು ಹೊಸದು ಹಾಕಿಕೋ. ಎಸೆಯಬೇಡ.

• ಯಾವುದನ್ನೂ ಎಸೆಯಬೇಡ. ಇದನ್ನು ನಾನು ಕೂಗಿ ಹೇಳುತ್ತಿದ್ದೇನೆ ಅಂದುಕೋ. 1988ರಲ್ಲಿ ನನ್ನ ಹತ್ತಿರ 72ರ ಜಾಝ್ ಬೇಸ್ ಇತ್ತು. ಆಗ ಅದು ಹಳೇ ಗಿಟಾರ್, ಅಷ್ಟೇ. ಭಾರದ ಹಿತ್ತಾಳೆ ಬ್ರಿಡ್ಜ್ ಹಾಕಿದರೆ ದನಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಕೈಯಾರೆ ಡ್ರಿಲ್ ಹಿಡಿದು ಎರಡು ಹೊಸ ತೂತು ಕೊರೆದೆ. ಹಳೆಯ ಬ್ರಿಡ್ಜನ್ನೂ ಅದರ ಮೇಲಿನ ಕ್ರೋಮ್ ಮುಚ್ಚಳವನ್ನೂ ಮನೆ ಬದಲಿಸುವಾಗ ಕಸಕ್ಕೆ ಹಾಕಿದೆ. ಹದಿನೈದು ವರ್ಷದ ಮೇಲೆ ಅಂಥದ್ದೇ ಮುಚ್ಚಳವನ್ನು ಹುಡುಕಿ ಕೊಂಡಾಗ, ಕೊಟ್ಟ ದುಡ್ಡಿನಲ್ಲಿ ಒಂದು ಹೊಸ ಅಗ್ಗದ ಬೇಸೇ ಬರುತ್ತಿತ್ತು. ಆ ಎರಡು ತೂತು ಇನ್ನೂ ಇವೆ. ನೀನು ಕೊಂಡದ್ದರಲ್ಲಿ ಏನೇ ಬದಲಿಸಿದರೂ, ಹಳೆಯ ಸ್ಕ್ರೂ ಸಮೇತ ಕವರಿಗೆ ಹಾಕಿ, ಮೇಲೆ ತಾರೀಖು ಬರೆದು, ಪೆಟ್ಟಿಗೆಯೊಳಗೇ ಇಡು. ಹೊಸ ತೂತು ಮಾತ್ರ ಕೊರೆಯಬೇಡ.

• ಕದ್ದ ಮಾಲು ಇರಬಹುದು ಎಂಬ ಅನುಮಾನ ಎಲ್ಲ ಬೇಸ್ ಮೇಲೂ ಇರಲಿ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್‌ನಲ್ಲಿ ವ್ಯಾನಿನಿಂದ ಕಳುವಾಯಿತು. ವಾಪಸ್ ಸಿಕ್ಕಿದ್ದು 51 ವರ್ಷದ ಮೇಲೆ, ಇಂಗ್ಲೆಂಡಿನ ಯಾವುದೋ ಮನೆಯ ಅಟ್ಟದಿಂದ. ಜಾಕೋ ಪಾಸ್ಟೋರಿಯಸ್ ಮೆಟ್ಟುಗಳನ್ನು ಕಿತ್ತು ನುಡಿಸುತ್ತಿದ್ದ 1962ರ ಜಾಝ್ ಬೇಸ್ 1986ರಲ್ಲಿ ಹೋಗಿ ಸುಮಾರು ಇಪ್ಪತ್ತು ವರ್ಷದ ಮೇಲೆ ನ್ಯೂಯಾರ್ಕಿನ ಅಂಗಡಿಯಲ್ಲಿ ತಲೆ ತೋರಿಸಿತು. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್ ಅವರು 1983ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಕಳುವಾಯಿತು. ಲೋಕದ ಅರ್ಧ ಹಾಡಿಗೆ ಬೇಸ್ ಹಾಕಿದ ವಾದ್ಯ ಕಣೋ ಅದು. ಇಂಥ ವಸ್ತುಗಳು ಹೀಗೇ ಕೈಯಿಂದ ಕೈಗೆ, ಯಾರೂ ಕೇಳದೆ ಹೋಗುತ್ತಿರುತ್ತವೆ. ಮಾರುವವನ ಗುರುತಿನ ಚೀಟಿಯ ಫೋಟೋ, ಸಹಿ ಮಾಡಿದ ರಸೀದಿ, ನಂಬರಿನ ಫೋಟೋ ಇಲ್ಲದೆ ಕೊಳ್ಳಬೇಡ. ಕೊಡಲು ಒಪ್ಪದವನ ಹತ್ತಿರ ವ್ಯಾಪಾರವೇ ಬೇಡ.

• ಗಿಬ್ಸನ್ ಆಸೆಯೂ ನಿನಗಿದೆ ಎಂದು ಗೊತ್ತು. ಥಂಡರ್‌ಬರ್ಡ್ ಆಗಲಿ ಇಬಿ-3 ಆಗಲಿ, ತಲೆ ಹಿಂದಕ್ಕೆ ಬಾಗಿರುವುದರಿಂದ ಬಿದ್ದರೆ ಕತ್ತು ಮುರಿಯುತ್ತದೆ. ಅಂಟಿಸಿದ ಗೆರೆಯನ್ನು ನಟ್ ಹಿಂದುಗಡೆ ನೇರಳೆ ದೀಪದಲ್ಲಿ ಹುಡುಕು.

• ಅರವತ್ತರದ್ದೇ ಬೇಕು ಎಂಬ ಹಠ ಬಿಟ್ಟರೆ ಜಪಾನಿನ ಕಡೆ ನೋಡು. 1982ರಲ್ಲಿ ಫೆಂಡರ್ ಜಪಾನ್ ಶುರುವಾದಾಗ ಮತ್ಸುಮೊಟೊದ ಫುಜಿಗೆನ್ ಕಾರ್ಖಾನೆಯಲ್ಲಿ ಮಾಡಿಸಿದ 'ಜೆವಿ' ನಂಬರಿನ ಬೇಸ್‌ಗಳನ್ನು ಹಿಡಿದು ನೋಡಿದರೆ, ಅದೇ ಹೊತ್ತಿಗೆ ಅಮೆರಿಕದಲ್ಲಿ ತಯಾರಾದ ಎಷ್ಟೋ ಬೇಸ್‌ಗಳಿಗಿಂತ ಕೆಲಸ ಅಚ್ಚುಕಟ್ಟು. ಟೋಕಾಯ್, ಗ್ರೆಕೊ, ಯಮಾಹಾ ಬಿಬಿ ಸರಣಿ, ಏರಿಯಾದ ಎಸ್‌ಬಿ-1000 ಇವನ್ನೂ ನಗೆಯಾಡದೆ ಕೈಗೆತ್ತಿಕೋ. ನುಡಿಸುವವನ ಬೆಲೆಗೆ ಇವುಗಳಷ್ಟು ನ್ಯಾಯವಾದ ಹಳೆಯ ಬೇಸ್ ಸಿಗುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ ನಿನಗೆ ಇದೇ ಸರಿ. ಕೇಳುವುದಿಲ್ಲ ಎಂದೂ ಗೊತ್ತು.

• ಇನ್ನು ಮಾರುವ ವಿಷಯ. ನಿನ್ನ 78ರ ಪ್ರಿಸಿಷನ್‌ಗೆ ಏನು ಬೆಲೆ ಎಂದು ತಿಳಿಯಲು ಜನ ಕೇಳುತ್ತಿರುವ ಬೆಲೆ ನೋಡಬೇಡ, ವ್ಯಾಪಾರ ಮುಗಿದ ಬೆಲೆ ನೋಡು. ಕೇಳಲು ಯಾರಿಗೂ ಸುಂಕವಿಲ್ಲ.

• ಒರೆಸಬೇಡ, ಪಾಲಿಶ್ ಹಾಕಬೇಡ. ಮನೆಗೆ ನೆಂಟರು ಬರುತ್ತಾರೆ ಎಂದು ಹಿತ್ತಾಳೆ ದೀಪ ಉಜ್ಜಿದ ಹಾಗೆ ಬೇಸ್ ಉಜ್ಜಿದರೆ ಮಂಕಾದ ಕ್ರೋಮಿನ ಜೊತೆ ದುಡ್ಡೂ ಹೋಗುತ್ತದೆ. ಬೆವರಿನ ಬಿಳಿ ಪದರ ಒಣ ಬಟ್ಟೆಯಲ್ಲಿ ಒರೆಸು, ಅಷ್ಟು ಸಾಕು. ಮಾರುವ ಮುಂಚೆ ಹೊಸ ಮೆಟ್ಟು ಹಾಕಿಸುವುದು, ಹೊಸ ಪಾಟ್ ಹಾಕಿಸುವುದು ಬೇಡ. ಖರ್ಚು ನಿನ್ನದು, ಬೆಲೆ ಇಳಿಯುವುದೂ ನಿನ್ನದೇ.

• ಕುಂದುಗಳನ್ನು ನೀನೇ ಮೊದಲು ಹೇಳು. ಹೆಡ್‌ಸ್ಟಾಕ್ ಹಿಂದೆ ಬೇರೆ ಟ್ಯೂನರ್ ಹಾಕಿದ ತೂತುಗಳಿವೆ, ಅಲ್ಲವಾ? ಅದರ ಫೋಟೋ ಮೊದಲನೆಯದಾಗಿರಲಿ. ನೆಕ್ ಬುಡದ್ದು, ಪಾಟ್ ಸಂಖ್ಯೆಯದ್ದು, ಗುಂಡಿಯೊಳಗಿನದ್ದು ಎಲ್ಲ ಹಾಕು. ಕುಂದು ನೋಡಿಯೇ ಬಂದವನು ಅದನ್ನು ಹಿಡಿದು ಚೌಕಾಸಿ ಮಾಡಲಾರ. ತಾನೇ ಕಂಡುಹಿಡಿದವನು ಮಾತ್ರ ಇನ್ನೂ ಏನೇನು ಮುಚ್ಚಿಟ್ಟಿದ್ದಾನೋ ಎಂದು ಇಡೀ ಬೇಸನ್ನೇ ಅನುಮಾನಿಸುತ್ತಾನೆ. 1991ರ ಆ ಬೇಸ್ ಕೊಂಡವನು ನನ್ನ ಹತ್ತಿರ ಆಮೇಲೆ ಇನ್ನೆರಡು ಬೇಸ್ ಕೊಂಡ. ಬಿಚ್ಚಿ ನೋಡಲೂ ಇಲ್ಲ. ನಾನೇ ಬೈದು ಬಿಚ್ಚಿಸಿದೆ.

• ಅಂಗಡಿಗೆ ನೇರವಾಗಿ ಮಾರಿದರೆ ಅರ್ಧ ಬೆಲೆ ಹೇಳಿದರೂ ಸಿಟ್ಟಾಗಬೇಡ, ಅವರಿಗೂ ಬಾಡಿಗೆ ಇದೆ. ಅಂಗಡಿಯಲ್ಲಿ ಇಟ್ಟು, ಮಾರಾಟವಾದ ಮೇಲೆ ದುಡ್ಡು ಪಡೆಯುವ ಪದ್ಧತಿಯೂ ಇದೆ. ನನಗೆ ಒಂದು ಕಡೆ ನೂರಕ್ಕೆ ಇಪ್ಪತ್ತು ಕಮಿಷನ್ ಕೇಳಿದ್ದರು. ಆತುರವಿಲ್ಲದಿದ್ದರೆ ಅದೇ ಲೇಸು. ಆದರೆ ಬರಹದಲ್ಲಿರಲಿ, ವಿಮೆ ಯಾರದು ಎಂಬುದೂ ಸೇರಿ.

• ಕ್ಯಾಷಿಯರ್ಸ್ ಚೆಕ್ ಕೈಗೆ ಬಂತೆಂದು ಬೇಸ್ ಕೊಟ್ಟು ಕಳಿಸಬೇಡ. ಬ್ಯಾಂಕಿನವರು ಎರಡು ದಿನದಲ್ಲಿ ಖಾತೆಗೆ ಹಾಕಿ, ಮೂರು ವಾರದ ಮೇಲೆ ನಕಲಿ ಎಂದು ವಾಪಸ್ ತೆಗೆಯುತ್ತಾರೆ. ಕೊಳ್ಳುವವನ ಬ್ಯಾಂಕಿಗೇ ಇಬ್ಬರೂ ಹೋಗಿ ಅಲ್ಲೇ ಬರೆಸಿಕೊಳ್ಳಿ. ಹೆಚ್ಚಿಗೆ ಚೆಕ್ ಬರೆದುಬಿಟ್ಟೆ, ಮಿಕ್ಕಿದ್ದು ಸಾಗಣೆಯವನಿಗೆ ಕೊಡಿ ಎಂದು ಯಾರಾದರೂ ಅಂದರೆ ಮಾತು ಅಲ್ಲಿಗೇ ಮುಗಿಸು.

• ದೂರದ ಊರಿಗೆ ಕಳಿಸುವುದಾದರೆ ತಂತಿ ಒಂದೆರಡು ಸುತ್ತು ಸಡಿಲಿಸು, ಪೆಟ್ಟಿಗೆಯೊಳಗೆ ಹೆಡ್‌ಸ್ಟಾಕ್ ಕೆಳಗೆ, ಮೇಲೆ, ಅಕ್ಕಪಕ್ಕ ಬಟ್ಟೆ ತುರುಕು. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು. ಮೇಲೆ ಎರಡು ರಟ್ಟಿನ ಡಬ್ಬಿ. ಚಳಿಗಾಲದಲ್ಲಿ ನಿನಗೇ ಪಾರ್ಸೆಲ್ ಬಂದರೆ ಆಸೆಗೆ ತಕ್ಷಣ ತೆರೆಯಬೇಡ. ಮುಚ್ಚಿದ ಪೆಟ್ಟಿಗೆ ಒಂದು ದಿನ ಮನೆಯೊಳಗಿನ ಬಿಸಿಗೆ ಹೊಂದಿಕೊಳ್ಳಲಿ. ಥಟ್ಟನೆ ತೆರೆದರೆ ಹಳೆಯ ವಾರ್ನಿಷ್ ಕಣ್ಣೆದುರೇ ಟಿಕ್ ಟಿಕ್ ಎಂದು ಬಿರಿಯುವುದನ್ನು ಕೇಳಬಹುದು.

• ವಿಮಾನದಲ್ಲಿ ಒಯ್ಯುವುದಾದರೆ ಬೋಲ್ಟಿನ ನೆಕ್ ಒಂದು ವರ. ಬಿಚ್ಚಿ, ಬಾಡಿಯನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ಎರಡು ಸಲ ಬೆಂಗಳೂರಿಗೆ ಒಯ್ದಿದ್ದೇನೆ. ಆದರೆ ಮತ್ತೆ ಮತ್ತೆ ಬಿಚ್ಚಿದರೆ ಮರದ ತೂತು ಸವೆಯುತ್ತದೆ. ಸ್ಕ್ರೂ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, 'ಟಕ್' ಎಂದು ಹಳೆಯ ಎಳೆಗೆ ಕೂತ ಮೇಲೆ ಮುಂದಕ್ಕೆ ತಿರುಗಿಸು.

• ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನನ್ನು ಕರೆದುಕೊಂಡು ಹೋಗು. ನಾನು ಮಾತಾಡುವುದಿಲ್ಲ, ಮೂಲೆಯಲ್ಲಿ ಕೂತಿರುತ್ತೇನೆ. ಬರುವಾಗ ಮಲ್ಟಿಮೀಟರ್‌ಗೆ ಒಂದು 9 ವೋಲ್ಟ್ ಬ್ಯಾಟರಿ ತಾ, ನನ್ನದು ಸತ್ತಿದೆ. ತಿಂಡಿ ಇಲ್ಲೇ. ಅತ್ತೆ ಇಡ್ಲಿ ಹಾಕುತ್ತಾಳಂತೆ.